ಬರಿದೆಂದು ಕಂಡ ಮಾಳದಲ್ಲಿ

ಅಕ್ಕಲಕೋಟೆಯ ನಮ್ಮ ಸೋದರತ್ತೆಯವರಿಗೆ ಊರ ಹೊರಗೆ ನಾಲ್ಕು ಎಕರೆ ಮಾಳವಿದೆ. ಮೇಲೆ ಒಂದು ಗೇಣು ಮಣ್ಣು, ಕೆಳಗೆಲ್ಲ ಕಲ್ಲು. ಜೋಳವೂ ಬಾರದು, ತೊಗರಿಯೂ ಬಾರದು. ಮಾವನವರು ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಆ ಮಾಳದ ತುಂಬ ಐದು ನೂರು ಗಿಡ ಹಚ್ಚಬೇಕೆಂದು ಮನೆಯವರೆಲ್ಲ ಕೂಡಿ ನಿಶ್ಚಯಿಸಿದೆವು. "ಗಿಡ ಆದರ ಹಕ್ಕಿಗೋಳಿಗೆ ಆಸರ ಆಗ್ತದ. ಅದಕ್ಕಿಂತ ದೊಡ್ಡ ಪುಣ್ಯ ಯಾವುದದ?" ಎಂದು ಅತ್ತೆಯವರು ಅಂದಾಗ ಎದುರಾಡುವವರು ಯಾರೂ ಇರಲಿಲ್ಲ. ಹಣವೂ ಕೂಡಿತು. ಮಳೆಗಾಲಕ್ಕೆ ಮುಂಚೆ ಕುಣಿ ತೋಡಿಸಲೆಂದು ಡಿಸೆಂಬರಿನಲ್ಲಿ ಮಕ್ಕಳನ್ನು ಕರೆದುಕೊಂಡು ಹೊರಟೆವು.

ಅತ್ತೆಯವರ ಮೊಮ್ಮಗಳು ಸೊಲ್ಲಾಪುರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಾಳೆ. ಅವಳೇ ತಡೆದಳು. "ಅಜ್ಜೀ, ಕುಣಿ ತೋಡಸೂಕಿಂತ ಮೊದಲ ಒಂದ ಸಲ ನಾನ್ನಜ ನೋಡಿ ಬರೂಣ್ರಿ" ಎಂದಳು.

ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಸುಮಾರು 40 ಕಿಲೋಮೀಟರು. ಊರು ಮಹಾರಾಷ್ಟ್ರದ್ದಾದರೂ ದಾರಿಯುದ್ದಕ್ಕೂ ಕಿವಿಗೆ ಬೀಳುವುದು ಮರಾಠಿಯೊಂದಿಗೆ ಬೆರೆತ ನಮ್ಮ ಕನ್ನಡವೇ. ಸೊಲ್ಲಾಪುರದಲ್ಲಿ ಸಿದ್ಧೇಶ್ವರ ಕೆರೆಯನ್ನು, ದಡದ ಕೋಟೆಯನ್ನು ಮಕ್ಕಳಿಗೆ ತೋರಿಸಿ ಬಾರ್ಶಿ ರಸ್ತೆ ಹಿಡಿದೆವು. ಇಪ್ಪತ್ತು ಕಿಲೋಮೀಟರಿನಷ್ಟು ಹೋದರೆ ನಾನ್ನಜ. ಮಾಳಢೋಕ ಹಕ್ಕಿಗಾಗಿ 1979ರಲ್ಲಿ ಘೋಷಿಸಿದ ಅಭಯಾರಣ್ಯ ಇಲ್ಲಿದೆ. ಮೊದಲು ಅದರ ವಿಸ್ತಾರ ಸುಮಾರು 8,500 ಚದರ ಕಿಲೋಮೀಟರು. ಊರು, ಹೊಲಗಳೆಲ್ಲ ಅದರೊಳಗೇ ಸೇರಿದ್ದವು. ಮುಂದೆ ಅದನ್ನು ಸುಮಾರು 1,200ಕ್ಕೆ ಇಳಿಸಲಾಯಿತು.

ಅಭಯಾರಣ್ಯವೆಂದರೆ ದಟ್ಟ ಕಾಡೆಂದು ತಿಳಿದಿದ್ದ ಮಕ್ಕಳ ಮುಖ ಸಪ್ಪಗಾಯಿತು. ಕಣ್ಣು ಹರಿಯುವಷ್ಟು ದೂರ ಒಣಗಿದ ಹುಲ್ಲು. "ಇಲ್ಲಿ ಏನೂ ಇಲ್ಲಲ್ಲ!" ಎಂದ ಚಿಕ್ಕವ. ನಿಜ ಹೇಳಬೇಕೆಂದರೆ ನನ್ನ ಮನಸ್ಸಿನ ಮಾತೂ ಅದೇ ಆಗಿತ್ತು. ಅರ್ಧ ತಾಸು ಸದ್ದು ಮಾಡದೆ ನಿಂತೆವು. ಕಲ್ಲೆಂದುಕೊಂಡಿದ್ದು ನೆಲಗುಬ್ಬಿಯಾಗಿ ಹಾರಿತು. ಹುಲ್ಲಿನ ಅಂಚಿನಲ್ಲಿ ಚಿಗರಿಗಳ ಹಿಂಡು ತಲೆ ಎತ್ತಿತು. ಚಳಿಗಾಲ ಕಳೆಯಲು ಮಧ್ಯ ಏಷ್ಯಾದ ಕಡೆಯಿಂದ ಬರುವ ಸೆಳೆವ ಹದ್ದು ನೆಲಕ್ಕೆ ತಾಗುವಂತೆ ತೇಲಿ ಹೋಯಿತು. ಅದು ರಾತ್ರಿ ತಂಗುವುದು ಮರದ ಮೇಲಲ್ಲ, ಎತ್ತರದ ಹುಲ್ಲಿನ ನಡುವೆ ನೆಲದ ಮೇಲೇ ಎಂದು ಹುಡುಗಿ ಹೇಳಿದಳು.

ಮಾಳಢೋಕ ಮಾತ್ರ ಕಾಣಲಿಲ್ಲ. ಈಚೆಗೆ ಇಲ್ಲಿ ಒಂದೆರಡು ಕಂಡರೆ ಅದೇ ಭಾಗ್ಯ. ನಮ್ಮ ಕಡೆ ಇದಕ್ಕೆ ಎರೆಭೂತ ಎನ್ನುತ್ತಾರೆ. ಒಂದು ಮೀಟರು ಎತ್ತರ, ಗಂಡು 15 ಕಿಲೋವರೆಗೂ ತೂಗುತ್ತದೆ. ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ, ಅದೂ ಬರಿನೆಲದ ಮೇಲೆ. ದೂರದಿಂದಲೇ ವೈರಿಯನ್ನು ಕಾಣಬೇಕಾದರೆ ಅದಕ್ಕೆ ಬಯಲೇ ಬೇಕು. ಇಡೀ ದೇಶದಲ್ಲಿ ಕಾಡಿನಲ್ಲಿ ಉಳಿದಿರುವುದು ಇನ್ನೂರಕ್ಕೂ ಕಡಿಮೆ, ಹೆಚ್ಚಿನವು ರಾಜಸ್ಥಾನದಲ್ಲಿ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗ ಅಭಯಾರಣ್ಯವಾಯಿತು, ಎರೆಭೂತವೂ ಅಲ್ಲಿತ್ತು. ಆ ಬಯಲಿನ ಬಹುಭಾಗವನ್ನು ನೀಲಗಿರಿ ತೋಪು ಆವರಿಸಿತು. ಈಗ ಅಲ್ಲಿ ಎರೆಭೂತವಿಲ್ಲ.

"ಗಿಡ ಹೆಚ್ಚಾದರ ಹಕ್ಕಿನೂ ಹೆಚ್ಚ ಆಗಬೇಕಲ್ಲ?" ಎಂದರು ಅತ್ತೆಯವರು. ಆ ಮಾತೂ ಸುಳ್ಳಲ್ಲವಂತೆ. ಅಮೆರಿಕದ ರಾಬರ್ಟ್ ಮ್ಯಾಕ್‌ಆರ್ಥರ್ ಮತ್ತು ಜಾನ್ ಮ್ಯಾಕ್‌ಆರ್ಥರ್ 1961ರಲ್ಲಿ ಇದನ್ನೇ ಅಳೆದು ತೋರಿಸಿದರು. ಎಲೆಗಳ ನಡುವೆ ಒಂದು ಹಲಗೆ ಹಿಡಿದು, ಅದರ ಅರ್ಧ ಭಾಗ ಮರೆಯಾಗುವವರೆಗೆ ಹಿಂದೆ ಸರಿದು ದೂರ ಅಳೆಯುವುದು; ಬೇಗ ಮರೆಯಾದರೆ ಎಲೆ ದಟ್ಟ. ಎರಡು ಅಡಿಯ ಒಳಗೆ, ಎರಡರಿಂದ ಇಪ್ಪತ್ತೈದು ಅಡಿ, ಅದರ ಮೇಲೆ — ಹೀಗೆ ಮೂರು ಅಂತಸ್ತು. ಮೂರರಲ್ಲೂ ಸಮನಾಗಿ ಎಲೆಯಿದ್ದಷ್ಟೂ ಹಕ್ಕಿಗಳ ಬಗೆ ಹೆಚ್ಚು ಎಂದು ಕಂಡಿತು. ಆದರೆ ಆ ಲೆಕ್ಕ ಮರವಿರುವ ನೆಲದ್ದು. ನಾನ್ನಜದ ಹುಲ್ಲು ಬಹುಮಟ್ಟಿಗೆ ಮೊದಲ ಅಂತಸ್ತಿನೊಳಗೇ ಮುಗಿಯುತ್ತದೆ. ಆ ಅಳತೆಗೋಲಿನಿಂದ ಅಳೆದರೆ ಈ ಬಯಲಿಗೆ ಸೊನ್ನೆಯೇ ಗತಿ.

ಹುಲ್ಲಿಗೆ ಬೇರೆ ಕೋಲು ಬೇಕು. ಅದನ್ನು 1970ರಲ್ಲಿ ಕಾನ್ಸಾಸ್‌ನ ಹುಲ್ಲುಗಾವಲಿನಲ್ಲಿ ರೋಬೆಲ್ ಎಂಬವರು ಮತ್ತು ಸಂಗಡಿಗರು ಬಳಕೆಗೆ ತಂದರು. ಮರುದಿನ ನಮ್ಮ ಮಾಳದಲ್ಲಿ ಮಕ್ಕಳಿಂದಲೇ ಅದನ್ನು ಮಾಡಿಸಿದೆವು. ಬಡಿಗೆಗೆ ಹತ್ತು ಸೆಂಟಿಮೀಟರಿಗೊಂದರಂತೆ ಕಪ್ಪು ಬಿಳಿ ಪಟ್ಟೆ ಬಳಿದು ನಿಲ್ಲಿಸಬೇಕು. ನಾಲ್ಕು ಮೀಟರು ದೂರದಿಂದ, ಕಣ್ಣನ್ನು ನೆಲದಿಂದ ಒಂದು ಮೀಟರಿಗೆ ತಂದು, ಹುಲ್ಲಿನ ಮೇಲೆ ಎಷ್ಟನೆಯ ಪಟ್ಟೆಯಿಂದ ಕಾಣುತ್ತದೆ ಎಂದು ಬರೆದುಕೊಳ್ಳಬೇಕು. ಚಿಕ್ಕವನ ಕಣ್ಣು ನಿಂತರೇ ಆ ಎತ್ತರಕ್ಕೆ ಬರುತ್ತಿತ್ತು, ನಾವು ಮೊಣಕಾಲೂರಿದೆವು. ಒಂದೆಡೆ ಮೊದಲ ಪಟ್ಟೆಯೇ ಕಂಡಿತು, ಹತ್ತು ಹೆಜ್ಜೆ ಆಚೆ ನಾಲ್ಕು ಪಟ್ಟೆ ಮುಚ್ಚಿದ್ದವು. ದೂರದಿಂದ ಒಂದೇ ಸಮ ಕಂಡ ನೆಲದಲ್ಲಿ ಇಷ್ಟೊಂದು ಏರುಪೇರು! ಬರಿನೆಲದಲ್ಲಿ ನೆಲಗುಬ್ಬಿಗೆ ಜಾಗ, ಎತ್ತರದ ಹುಲ್ಲಿನಲ್ಲಿ ಲಾವಕ್ಕಿ ಅಡಗಲು ಜಾಗ. ನೆರಳು ಕವಿದರೆ ಇಬ್ಬರೂ ಮನೆ ಬಿಡಬೇಕು. ಬದಲಿಗೆ ಬರುವುದು ಕಾಗೆ, ಗೊರವಂಕ, ಪಿಕಳಾರ. ಅವಕ್ಕೆ ಬೇರೆ ಕಡೆಯೂ ಮನೆಯಿದೆ, ಇವಕ್ಕಿಲ್ಲ. ಎಷ್ಟು ಬಗೆ ಎಂದು ಎಣಿಸಿದರೆ ಸಾಲದು, ಯಾರು ಎಂದೂ ಕೇಳಬೇಕು.

ಅತ್ತೆಯವರು ಬಹಳ ಹೊತ್ತು ಮಾತಾಡಲಿಲ್ಲ. "ಅವರೂ ಸಂಜೀಗೆ ಇಲ್ಲೇ ಬಂದು ಕುಂಡ್ರತಿದ್ರು. ಬಯಲು ಅಂದರ ಅವರಿಗೆ ಜೀವ" ಎಂದು ಕೊನೆಗೆ ಅಂದರು. ಬೇವು, ಹುಣಸೆ, ಹೊಂಗೆ ಎಂದು ನೂರು ಗಿಡಗಳನ್ನು ಬಾವಿಯ ಸುತ್ತ, ಮನೆಯ ಹಿತ್ತಲಲ್ಲಿ, ಹೊಲದ ಬದುವಿನಲ್ಲಿ ಹಚ್ಚುವುದೆಂದಾಯಿತು. ಮಾಳ ಇದ್ದಂತೆಯೇ ಇರಲಿ, ವರ್ಷದಲ್ಲಿ ಕೆಲವು ತಿಂಗಳು ಅರ್ಧ ಭಾಗಕ್ಕೆ ದನ ಬಿಡುವುದು ಬೇಡ ಎಂದೂ ಒಪ್ಪಿದರು. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕಿತ್ತು. ಬಡಿಗೆ ಹೆಗಲಿಗೇರಿಸಿಕೊಂಡು ಮನೆಗೆ ನಡೆದೆವು.

ವಾಚಕ ಬಂಧುಗಳೇ, ನೋಡಿ ಹೆಜ್ಜೆ ಇಡಬೇಕೆಂದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಮೊದಲು ಕಲಿಸುತ್ತೇವೆ. ಒಳ್ಳೆಯ ಕೆಲಸಕ್ಕೆ ಇಡುವ ಹೆಜ್ಜೆಗೂ ಆ ಮಾತು ಸಲ್ಲುತ್ತದೆ. ನಿಮ್ಮ ಊರ ಹೊರಗೂ ಇಂಥ ಬಯಲಿದ್ದರೆ, ಗಿಡ ಹಚ್ಚುವ ಮೊದಲು ಒಂದು ಬಡಿಗೆ ಹಿಡಿದು ಮಕ್ಕಳೊಂದಿಗೆ ಮೊಣಕಾಲೂರಿ ನೋಡಿ.