ಬಂದರಿನಿಂದ ಬೂಕನಕೆರೆಗೆ

ಮಂಗಳೂರು, ರಾತ್ರಿ ಹನ್ನೊಂದೂವರೆ

ಅವ್ವಾ,

ನಿನ್ನ ಮಗ ಕ್ಷೇಮ. ಶಿರಾಡಿ ಘಾಟಿಯಲ್ಲಿ ಲಾರಿಯೊಂದು ಕೆಟ್ಟು ಬಸ್ಸು ಎರಡು ತಾಸು ನಿಂತಿದ್ದು ಬಿಟ್ಟರೆ ದಾರಿಯಲ್ಲಿ ತೊಂದರೆಯಾಗಲಿಲ್ಲ. ನೀನು ಕಟ್ಟಿಕೊಟ್ಟ ರೊಟ್ಟಿ, ಹುಚ್ಚೆಳ್ಳು ಚಟ್ನಿ ಸಕಲೇಶಪುರಕ್ಕೇ ಖಾಲಿ. (ಪುಟ್ಟೀ, ಅಜ್ಜಿಗೆ ನಿಧಾನವಾಗಿ ಓದಿ ಹೇಳು. ಹೆಸರು ಬಂದ ಕಡೆ ಓಡಬೇಡ.)

ಸಮುದ್ರ ನೋಡಿದ್ದಾಯಿತು. ನೇತ್ರಾವತಿ, ಗುರುಪುರ ಹೊಳೆಗಳು ಕೂಡಿ ಕಡಲಿಗೆ ಬೀಳುವ ಅಳಿವೆಯನ್ನೂ ನೋಡಿದ್ದಾಯಿತು.

ಸಂಕಟವೆಲ್ಲ ಊಟದ್ದು. ಮುದ್ದೆ ಕೇಳಿದರೆ ಹೋಟೆಲಿನವರು ಮುಖ ನೋಡುತ್ತಾರೆ. ಬಡಿಸಿದ್ದು ಕುಚ್ಚಲಕ್ಕಿ ಅನ್ನ, ಒಂದೊಂದು ಅಗುಳೂ ಹುಣಸೆಬೀಜದ ಹಾಗೆ. ಬೆಂದಿಲ್ಲವೆಂದು ನಿನ್ನ ಮಗ ತಟ್ಟೆ ದೂಡಿ ಕೂತ. ಎದುರಿಗಿದ್ದವರು ಬಂದರಿನ ಅಡಿಕೆ ಮಂಡಿಯ ಬ್ಯಾರಿ ಸಾಹೇಬರು, ಎಪ್ಪತ್ತು ದಾಟಿದವರು. "ಬೇಯದ್ದಲ್ಲ ಮಾರಾಯ್ರೆ, ಭತ್ತದಲ್ಲೇ ಒಮ್ಮೆ ಬೇಯಿಸಿದ್ದು. ನಿಧಾನಕ್ಕೆ ಅಗಿಯಿರಿ" ಎಂದು ಬಂಗುಡೆ ಸಾರಿನ ಬಟ್ಟಲನ್ನು ಇತ್ತ ಸರಿಸಿದರು. ಏನು ಕೆಲಸದ ಮೇಲೆ ಬಂದದ್ದೆಂದು ವಿಚಾರಿಸಿದರು. ಸುಮಾರು ಒಂಬೈನೂರು ವರ್ಷದ ಹಿಂದೆ ಇಲ್ಲಿದ್ದ ಯಹೂದಿಯೊಬ್ಬನ ಜಾಡು ಹಿಡಿದು ಬಂದದ್ದು ಎಂದರೆ ನಗಲಿಲ್ಲ. "ಅವ ಬಾಡಿಗೆ ಬಾಕಿ ಇಟ್ಟು ಹೋಗಿದ್ದಾನಾ?" ಎಂದರು. ಹೊರಡುವಾಗ ಮಳೆ ಬಂತು. ತಮ್ಮ ಕೊಡೆಯನ್ನೂ ಕೊಟ್ಟು ಕಳಿಸಿದರು.

ಆ ಯಹೂದಿಯ ಹೆಸರು ಅಬ್ರಹಾಂ ಬೆನ್ ಯಿಜು, ಟ್ಯುನೀಸಿಯಾದ ಮಹ್ದಿಯಾದವನು. ನಮ್ಮ ಕಡೆ ವಿಷ್ಣುವರ್ಧನ ಆಳುತ್ತಿದ್ದಾಗ ಇಲ್ಲಿ ಮೆಣಸು, ಏಲಕ್ಕಿ, ಅಡಿಕೆ ವ್ಯಾಪಾರ ಮಾಡಿಕೊಂಡಿದ್ದ. ಏಡನ್ನಿನಿಂದ ಬಂದ ಒಡಕು ಪಾತ್ರೆಗಳನ್ನು ಕರಗಿಸಿ ಹೊಸದು ಮಾಡಿಸುತ್ತಿದ್ದ. 1132ರ ಅಕ್ಟೋಬರ್ 17ರಂದು ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಇವತ್ತಿಗೂ ಇದೆ. ಅವನ ಮಕ್ಕಳ ತಾಯಿ ಅವಳೇ ಎಂದು ವಿದ್ವಾಂಸರ ಊಹೆ.

ಇಷ್ಟು ಹಳೇ ಕಾಗದ ಹೇಗೆ ಉಳಿಯಿತು ಅನ್ನುತ್ತೀಯ. ದೇವರ ಹೆಸರಿದೆ, ತಿಪ್ಪೆಗೆ ಹಾಕಬಾರದು ಎಂದು ನೀನು ಲಗ್ನಪತ್ರಿಕೆಗಳನ್ನೆಲ್ಲ ಅಟ್ಟದ ಮೇಲೆ ತುರುಕಿಟ್ಟಿಲ್ಲವೇ? ಯಹೂದಿಗಳದೂ ಅದೇ ಪದ್ಧತಿ. ಕೈರೋದ ಬೆನ್ ಎಜ್ರಾ ಪ್ರಾರ್ಥನಾ ಮಂದಿರದ ಒಂದು ಕೋಣೆಯಲ್ಲಿ ಶತಮಾನಗಟ್ಟಲೆ ಕಾಗದ ತುಂಬಿದರು. ಅದಕ್ಕೆ ಗೆನೀಜಾ ಎನ್ನುತ್ತಾರೆ. 1897ರಲ್ಲಿ ಸೊಲೊಮನ್ ಶೆಕ್ಟರ್ ಕೇಂಬ್ರಿಜ್‌ಗೆ ಸಾಗಿಸಿದ್ದೇ ಸುಮಾರು 1,93,000 ಚೂರು. ಬೆನ್ ಯಿಜುವಿನ ಕಾಗದಗಳೂ ಆ ಕೋಣೆಯವೇ. ಮಾತು ಅರಬ್ಬಿ, ಅಕ್ಷರ ಹೀಬ್ರೂ. ಜರ್ಮನ್ ಬಳಗದ ಯಿದ್ದಿಷ್ ಮಾತನ್ನೂ ಅದೇ ಅಕ್ಷರದಲ್ಲೇ ಬರೆಯುವುದು. ಎಸ್.ಡಿ. ಗೊಯ್ಟೈನ್ ಎಂಬ ಪಂಡಿತರು ಇವನ್ನು ಓದುತ್ತಲೇ ಮುದುಕರಾದರು, 1985ರಲ್ಲಿ ತೀರಿಕೊಂಡರು. ಭಾರತದ ವ್ಯಾಪಾರಿಗಳ ಕುರಿತು ಅವರು ಶುರುಮಾಡಿದ್ದ ಪುಸ್ತಕವನ್ನು ಮೊರ್ದೆಖಾಯ್ ಫ್ರೀಡ್‌ಮನ್ ಮುಗಿಸಿ ಹೊರತಂದಾಗ 2008.

ಮಂಗಳೂರಿನಲ್ಲಿ ಆಗ ಕಾಗದಕ್ಕೇ ಬರ. ಏಡನ್ನಿನ ಗೆಳೆಯರು ಸಕ್ಕರೆ, ಒಣದ್ರಾಕ್ಷಿಯ ಜೊತೆ ಕಾಗದವನ್ನೂ ಕಳಿಸುತ್ತಿದ್ದರು. ಒಬ್ಬ ದಲ್ಲಾಳಿ ಏಲಕ್ಕಿಗೆಂದು ಮುಂಗಡ ಪಡೆದು ಮಾಲು ಕೊಡದೆ ಸತಾಯಿಸಿದ ದೂರು ಕಾಗದದಿಂದ ಕಾಗದಕ್ಕೆ ಮುಂದುವರಿಯುತ್ತದೆ. ಹೇಳಿದ ಹಾಗೆ, ನಮ್ಮ ತೆಂಗಿನಕಾಯಿ ಒಯ್ದವನು ದುಡ್ಡು ಕೊಟ್ಟನೇ? ಅಣ್ಣ ಸಂಕೋಚ ಪಟ್ಟರೆ ನೀನೇ ಕೇಳು.

ಇನ್ನೊಬ್ಬ ಇದ್ದಾನೆ, ಬೆನ್ ಯಿಜುವಿನ ಆಳು. ಆ ಅರಬ್ಬಿ ಕಾಗದಗಳ ಹೀಬ್ರೂ ಲಿಪಿಯಲ್ಲಿ ಸ್ವರಗಳನ್ನು ಪೂರ್ತಿ ಬರೆಯುವ ರೂಢಿಯಿಲ್ಲ. ಹಾಗಾಗಿ ಅವನ ಹೆಸರನ್ನು ಬಾಮಾ ಎಂದೂ ಓದಬಹುದು, ಇನ್ನೇನೋ ಎಂದೂ ಓದಬಹುದು. ಕಾದಂಬರಿಕಾರ ಅಮಿತಾವ್ ಘೋಷ್ ಅವನ ಬೆನ್ನು ಹತ್ತಿ ಮಂಗಳೂರಿಗೇ ಬಂದರು. ತುಳು ವಿದ್ವಾಂಸರಾದ ಬಿ.ಎ. ವಿವೇಕ ರೈ ಅವರ ನೆರವಿನಿಂದ ಅವನು ಬೊಮ್ಮನಾದ. ಘೋಷ್ ಅವರ 1992ರ ಪುಸ್ತಕದಲ್ಲಿ ಅದೆಲ್ಲ ಇದೆ. ನಮ್ಮ ಕಡೆಯ ಬೊಮ್ಮೇಗೌಡ, ಬೊಮ್ಮಮ್ಮಂದಿರನ್ನು ಕರೆದು ಕೇಳಿದ್ದರೂ ಒಂದೇ ಏಟಿಗೆ ಹೇಳುತ್ತಿದ್ದರೇನೋ! 1135ರ ಸುಮಾರಿಗೆ ಈ ಬೊಮ್ಮ ಧಣಿಯ ಕೆಲಸಕ್ಕೆಂದು ಏಡನ್ನಿಗೆ ಹೋಗಿ, ಅಲ್ಲಿನ ವರ್ತಕನ ಹತ್ತಿರ ನಾಲ್ಕು ತಿಂಗಳ ಖರ್ಚಿಗೆ ಎಂಟು ದಿನಾರು ಪಡೆದ. ಸಾಲದೆಂದು ಕುಡಿದುಬಂದು ಜಗಳ ತೆಗೆದ. ಆಮೇಲಿನ ಕಾಗದಗಳಲ್ಲಿ ಅದೇ ಬೊಮ್ಮನಿಗೆ ಗೆಳೆಯರೆಲ್ಲ ಹೆಸರು ಹಿಡಿದು ಕ್ಷೇಮ ಕೇಳುತ್ತಾರೆ. ಸುಮಾರು ಒಂಬತ್ತು ಶತಮಾನ ತಾಳಿದ್ದು ಆ ಒಂದು ಸಾಲಿನ ವಿಚಾರಣೆ.

ಕೈರೋದ ಅದೇ ಕೋಣೆಯಲ್ಲಿ ಯಿದ್ದಿಷ್ ಕಾಗದಗಳೂ ಸಿಕ್ಕಿವೆ. 1560ರ ದಶಕದಲ್ಲಿ ರಾಹೇಲ್ ಎಂಬ ವಿಧವೆ ತಾಯಿ ಜೆರುಸಲೇಮಿನಿಂದ ಕೈರೋದಲ್ಲಿದ್ದ ಮಗ ಮೋಶೆಗೆ ಬರೆದವು. ಅದಕ್ಕೇ ನಿನ್ನ ಮಗ ಫೋನು ಬಿಟ್ಟು ಕಾಗದ ಬರೆಯಲು ಕೂತ.

ಕರು ಹಾಕಿತೇ? ಹಾಕಿದ್ದರೆ ಗಿಣ್ಣು ಪೂರ್ತಿ ಹಂಚಬೇಡ. ಕರೆಂಟು ಹೋಗಿದೆ, ಮೊಬೈಲ್ ಬೆಳಕಿನಲ್ಲಿ ಬರೆದದ್ದಾದ್ದರಿಂದ ಸಾಲು ಸೊಟ್ಟ. ಬೆಳಿಗ್ಗೆ ಕೊಡೆ ವಾಪಸು ಕೊಡಲು ಹೋಗಬೇಕು. ಸಾಹೇಬರ ತಾತನ ಕಾಲದ ಮಂಡಿ ಲೆಕ್ಕದ ಪುಸ್ತಕ ಪೆಟ್ಟಿಗೆಯಲ್ಲಿ ಇದೆಯಂತೆ, ಯಾರೂ ಓದಲಾರದ ಅಕ್ಷರವಂತೆ, ಅದರಲ್ಲಿ