ಬಾನೆಟ್ ಮೇಲಿನ ಗೀರು

ತಂಗಿಯ ಕಾಲೇಜು ಫೀಸು ಕಟ್ಟಲು ಅಪ್ಪನ ಹಳೆ ಕಾರು ಮಾರಬೇಕಿತ್ತು. ಬಣ್ಣ ಮಂಕಾಗಿತ್ತು. ನೋಡುವವರು ಭಾನುವಾರ ಬರುತ್ತಾರೆಂದು ಶನಿವಾರ ಮಧ್ಯಾಹ್ನ ನಾವು ಅಣ್ಣ ತಮ್ಮ ಪಾಲಿಶ್ ಡಬ್ಬಿ ಹಿಡಿದು ಅಂಗಳಕ್ಕಿಳಿದೆವು. ಶೆಡ್ ಎಲ್ಲಿಂದ ಬರಬೇಕು? ಬಿಸಿಲಿಗೆ ಬಾನೆಟ್ ದೋಸೆ ಕಾವಲಿಯಾಗಿತ್ತು. ಹಚ್ಚಿದ ಪಾಲಿಶ್ ಉಜ್ಜುವಷ್ಟರಲ್ಲಿ ಒಣಗಿ ಬೆಳ್ಳಗೆ ಅಂಟಿಕೊಂಡಿತು. ಅಷ್ಟರಲ್ಲಿ ರಸ್ತೆಯಲ್ಲಿ ಟ್ರ್ಯಾಕ್ಟರ್ ಹೋಯಿತು. ಕೂತ ಧೂಳು ನೋಡದೆ ಉಜ್ಜಿದೆವು, ಗೀರು ಬಿತ್ತು. ತಪ್ಪು ನಮ್ಮದೇ, ಬೈದದ್ದು ಮಾತ್ರ ಟ್ರ್ಯಾಕ್ಟರಿನವನನ್ನು.

ಮಾರನೇ ದಿನ ಬೆಳಗ್ಗೆ 6ಕ್ಕೇ, ಗಾಳಿ ಏಳುವ ಮೊದಲು, ಮನೆಯ ಪಡುವಣ ಬದಿಯ ನೆರಳಿಗೆ ಗಾಡಿ ತಳ್ಳಿದೆವು. ಹೊಂಗೆ ಮರದಡಿ ಬೇಡವೆಂದಳು ಅಮ್ಮ; ಹೂವೂ ಬೀಳುತ್ತೆ, ಹಕ್ಕಿ ಹಿಕ್ಕೆಯೂ ಬೀಳುತ್ತೆ. ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸಿದಳು. ನಾವು ಗಾಡಿ ಚೆನ್ನಾಗಿ ತೊಳೆದು, ಒರೆಸಿ, ಒಂದೊಂದು ಬಾಗಿಲನ್ನೂ ಅರ್ಧರ್ಧ ಮಾಡಿಕೊಂಡು ಪಾಲಿಶ್ ಹಚ್ಚಿ, ಅಪ್ಪನ ಹಳೆ ಹತ್ತಿ ಪಂಚೆಯ ತುಂಡುಗಳಿಂದ ಉಜ್ಜಿದೆವು. ನೆಲಕ್ಕೆ ಬಿದ್ದ ತುಂಡನ್ನು ಮತ್ತೆ ಮುಟ್ಟಲಿಲ್ಲ.

ಬಂದವರು ಗೀರು ತೋರಿಸಿ 2 ಸಾವಿರ ಇಳಿಸಿದರು. ಒಪ್ಪಿಕೊಂಡೆವು. ಗಾಡಿ ತಿರುವು ದಾಟುವವರೆಗೂ ಅಪ್ಪ ನೋಡುತ್ತಲೇ ನಿಂತಿದ್ದ. "ನನ್ನ ಕೈಯಲ್ಲಿದ್ದಾಗ ಇಷ್ಟು ಹೊಳೀತಿರಲಿಲ್ಲ ಕಣ್ರೋ," ಅಂದ.