ಐದನೇ ತಿಂಗಳ ಸ್ಕ್ಯಾನಿಂಗ್

ಹೊಟ್ಟೆಯಲ್ಲಿರುವ ಮಗುವಿನ ಅಂಗಾಂಗಗಳಲ್ಲಿ ಊನವಿದೆಯೇ ಎಂದು ನೋಡುವ ಸ್ಕ್ಯಾನಿಂಗನ್ನು ಸಾಮಾನ್ಯವಾಗಿ 18ರಿಂದ 20 ವಾರಗಳ ನಡುವೆ ಮಾಡುತ್ತಾರೆ. ತಲೆಬುರುಡೆ, ಬೆನ್ನುಮೂಳೆ, ಹೃದಯದ ನಾಲ್ಕು ಕೋಣೆ, ಮೂತ್ರಪಿಂಡ, ಮೇಲ್ದುಟಿ, ಪಾದ ಎಂದು ಒಂದೊಂದನ್ನೇ ನೋಡಿ ವರದಿ ಬರೆಯುತ್ತಾರೆ. ವರದಿಯಲ್ಲಿ ಸಂಶಯ ಎಂದಿದ್ದ ಮಾತ್ರಕ್ಕೆ ಊನ ಖಚಿತವಲ್ಲ; ಕೆಲವು ಗುರುತುಗಳು ಮುಂದಿನ ಸ್ಕ್ಯಾನಿಂಗ್ ಹೊತ್ತಿಗೆ ಮಾಯವಾಗುವುದೂ ಉಂಟು. ಉಳಿದರೆ ಹೃದಯಕ್ಕೆ ಫೀಟಲ್ ಎಕೋ ಎಂಬ ಸ್ಕ್ಯಾನಿಂಗ್, ವರ್ಣತಂತುಗಳಿಗೆ ಗರ್ಭಜಲ ಪರೀಕ್ಷೆ ಮಾಡುತ್ತಾರೆ.

ಗ್ರಹಣದ ದಿನ ಕತ್ತರಿ ಹಿಡಿದದ್ದಕ್ಕೇ ಸೀಳುತುಟಿ ಬಂತೆಂದು ಬಸುರಿಯನ್ನು ದೂರುವುದು ಶುದ್ಧ ಅನ್ಯಾಯ. ತುಟಿ ಕೂಡಿಕೊಳ್ಳುವ ಕೆಲಸ ಮೊದಲ ಮೂರು ತಿಂಗಳೊಳಗೇ ಮುಗಿದಿರುತ್ತದೆ, ಗ್ರಹಣ ಯಾವಾಗ ಹಿಡಿದರೂ ಸರಿ. ಸೀಳುತುಟಿಗೆ ಹುಟ್ಟಿದ ಮೇಲೆ ಶಸ್ತ್ರಚಿಕಿತ್ಸೆಯಿದೆ. ಸೊಟ್ಟಪಾದಕ್ಕೆ ವಾರವಾರ ಪ್ಲಾಸ್ಟರ್ ಬದಲಿಸುತ್ತ ನೇರ ಮಾಡುವ ಪೊನ್ಸೆಟಿ ಕ್ರಮವಿದೆ. ತಲೆಬುರುಡೆಯೇ ಬೆಳೆಯದ ಮಗು ಮಾತ್ರ ಬದುಕುವುದಿಲ್ಲ.

ತೀವ್ರ ಊನವಿದೆಯೆಂದು ವೈದ್ಯಕೀಯ ಮಂಡಳಿ ಹೇಳಿದರೆ, 2021ರ ಕಾನೂನು ತಿದ್ದುಪಡಿಯಂತೆ 24 ವಾರ ದಾಟಿದ ಮೇಲೂ ಗರ್ಭಪಾತಕ್ಕೆ ಅವಕಾಶವಿದೆ. ಹುಟ್ಟಿದ ಮಕ್ಕಳ ತಪಾಸಣೆ, ಚಿಕಿತ್ಸೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡೆಯುತ್ತಿದೆ.